‘ಸ್ಕೂಲ್’ ಎಂಬ ಪದದ ನೆರೆಹೊರೆ: ಜೆಎನ್‌ಯು ರಚನೆಯ ಬಗ್ಗೆ ಒಂದು ಟಿಪ್ಪಣಿ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಮೊದಲು ಎದುರಾಗುವ ತೊಡಕು ಒಂದು ಪದದ್ದು. ಅಲ್ಲಿ ಪಾಠ, ಸಂಶೋಧನೆಗಳೆಲ್ಲ ನಡೆಯುವುದು ‘ಸ್ಕೂಲ್’ಗಳಲ್ಲಿ. ದೊಡ್ಡ ಸ್ಕೂಲುಗಳ ಒಳಗೆ ‘ಸೆಂಟರ್’ಗಳಿವೆ. ಸೆಂಟರನ್ನು ಕೇಂದ್ರ ಎಂದರೆ ಸಾಕು. ಸ್ಕೂಲಿಗೆ ಮಾತ್ರ ಪದ ಸಿಗುವುದಿಲ್ಲ. ‘ಶಾಲೆ’ ಎಂದರೆ ಮಕ್ಕಳು ಚೀಲ ಹೊತ್ತು ಹೋಗುವ ಜಾಗ ಕಣ್ಣಮುಂದೆ ಬರುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ನಿಕಾಯ’ ಎಂಬ ಪದವನ್ನು ಬಳಕೆಗೆ ತಂದಿದೆ, ಆದರೆ ಉಳಿದ ವಿಶ್ವವಿದ್ಯಾಲಯಗಳ ಕನ್ನಡದಲ್ಲಿ ಅದು ‘ಫ್ಯಾಕಲ್ಟಿ’ಯ ಅರ್ಥದಲ್ಲಿ ನಿಂತುಹೋಗಿದೆ. ಮೈಸೂರಿನಲ್ಲಿ ‘ಅಧ್ಯಯನ ಸಂಸ್ಥೆ’ ಇದೆ, ಧಾರವಾಡದಲ್ಲಿ ‘ಅಧ್ಯಯನ ಪೀಠ’ ಇದೆ. ಎರಡೂ ಒಂದೇ ವಿಷಯದ ಸುತ್ತ ಕಟ್ಟಿದಂಥವು. ಜೆಎನ್‌ಯು ತನ್ನ ಹಿಂದಿ ಹೆಸರುಗಳಲ್ಲಿ ‘ಸಂಸ್ಥಾನ’ ಎನ್ನುತ್ತದೆ. ಅದನ್ನು ಕನ್ನಡಕ್ಕೆ ತಂದರೆ ಸೊಂಡೂರು, ಜಮಖಂಡಿಯ ರಾಜರು ನೆನಪಾಗುತ್ತಾರೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಸ್ಕೂಲ್ ಎಂದೇ ಬರೆದಿದ್ದೇನೆ.

ಪದದ ಈ ಚರ್ಚೆ ಅನುವಾದಕ್ಕಷ್ಟೇ ಸೇರಿದ್ದಲ್ಲ. ನಮ್ಮ ವಿಶ್ವವಿದ್ಯಾಲಯಗಳ ಮೂಲ ಘಟಕ ‘ವಿಭಾಗ’. ಆ ಮಾತಿನಲ್ಲೇ ಭಾಗ ಮಾಡುವ ಕೆಲಸವಿದೆ: ಇತಿಹಾಸ ಒಂದು ಪಾಲು, ಅರ್ಥಶಾಸ್ತ್ರ ಇನ್ನೊಂದು, ಸಸ್ಯಶಾಸ್ತ್ರ ಮತ್ತೊಂದು. ಜೆಎನ್‌ಯು ಕಟ್ಟಿದವರು ಈ ಪಾಲುಪಟ್ಟಿಯನ್ನು ಬೇಕೆಂದೇ ಬಿಟ್ಟರು. ವಿಭಾಗದ ಬದಲು ಸ್ಕೂಲ್ ಎಂದಾಗ ಅವರು ಕೇಳಿಕೊಂಡ ಪ್ರಶ್ನೆ, ಯಾವ ವಿದ್ಯೆಯ ಪಕ್ಕದಲ್ಲಿ ಯಾವ ವಿದ್ಯೆ ಕೂರಬೇಕು ಎಂಬುದು. ಅದಕ್ಕೆ ಎಲ್ಲ ಕಾಲದಲ್ಲೂ ಒಂದೇ ಉತ್ತರ ಸಿಕ್ಕಲಿಲ್ಲ. ಒಂದೊಂದು ಸ್ಕೂಲು ಹುಟ್ಟಿದ ಹೊತ್ತನ್ನೂ ಅದಕ್ಕೆ ಸಿಕ್ಕ ನೆರೆಯನ್ನೂ ಹಿಡಿದು ನೋಡಿದರೆ, ಒಂದೇ ಹೆಸರಿನ ಅಡಿಯಲ್ಲಿ ಮೂರು ಬಗೆಯ ಸಂಸ್ಥೆಗಳಿವೆ ಎಂಬುದು ತಿಳಿಯುತ್ತದೆ. 2016ರ ನಂತರ ಜೆಎನ್‌ಯು ಎಂದ ಕೂಡಲೇ ನಮ್ಮಲ್ಲಿ ಘೋಷಣೆ, ಮೊಕದ್ದಮೆ, ಟಿವಿ ಚರ್ಚೆಗಳೇ ಮುಂದೆ ಬರುತ್ತವೆ. ಅವುಗಳ ಹಿಂದೆ ನಿಂತ ಸಂಸ್ಥೆಯ ಕಟ್ಟೋಣ ಕಾಣುವುದಿಲ್ಲ. ಇಲ್ಲಿ ಆ ಕಟ್ಟೋಣವನ್ನು ಮಾತ್ರ ನೋಡಿದ್ದೇನೆ.

ಕಾಯ್ದೆಯಿಂದ ಶುರು ಮಾಡಬೇಕು. ನೆಹರೂ ತೀರಿಕೊಂಡ ಮರುವರ್ಷ, 1965ರ ಸೆಪ್ಟೆಂಬರ್ 1ರಂದು, ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರು ರಾಜ್ಯಸಭೆಯಲ್ಲಿ ವಿಧೇಯಕ ಮಂಡಿಸಿದರು. ಇದು ಇನ್ನೊಂದು ಮಾಮೂಲಿ ವಿಶ್ವವಿದ್ಯಾಲಯ ಆಗಬಾರದು ಎಂಬ ಒತ್ತಾಯ ಚರ್ಚೆಯಲ್ಲಿ ಬಂತು. 1966ರಲ್ಲಿ ಕಾಯ್ದೆಯಾಯಿತು, ಜಾರಿಗೆ ಬಂದದ್ದು 1969ರ ಏಪ್ರಿಲ್ 22ರಂದು. ವಿಶ್ವವಿದ್ಯಾಲಯದ ಕಾಯ್ದೆ ಎಂದರೆ ಸಾಮಾನ್ಯವಾಗಿ ಕುಲಪತಿ, ಸಿಂಡಿಕೇಟು, ಹಣಕಾಸು ಎಂಬ ಒಣ ವಿವರ. ಈ ಕಾಯ್ದೆಯ ಮೊದಲ ಅನುಸೂಚಿಯನ್ನು ಮಾತ್ರ ನಿಧಾನವಾಗಿ ಓದಬೇಕು. ರಾಷ್ಟ್ರೀಯ ಭಾವೈಕ್ಯ, ಸಾಮಾಜಿಕ ನ್ಯಾಯ, ಜಾತ್ಯತೀತತೆ, ಪ್ರಜಾಸತ್ತಾತ್ಮಕ ಬದುಕು, ಅಂತರರಾಷ್ಟ್ರೀಯ ತಿಳಿವಳಿಕೆ, ಸಮಾಜದ ಸಮಸ್ಯೆಗಳಿಗೆ ವೈಜ್ಞಾನಿಕ ದೃಷ್ಟಿ ಇವುಗಳ ಅಧ್ಯಯನವನ್ನು ಬೆಳೆಸಬೇಕು ಎಂದು ಅದು ಹೇಳುತ್ತದೆ. ಇಂಥ ಆಶಯದ ಮಾತು ಬೇರೆ ಕಡೆಯೂ ಸಿಕ್ಕೀತು. ಅದರ ನಂತರ ಬರುವುದು ಹೊಸದು: ಮಾನವಿಕ, ವಿಜ್ಞಾನ, ತಂತ್ರಜ್ಞಾನಗಳನ್ನು ಬೆಸೆದ ಪಠ್ಯಕ್ರಮ ರೂಪಿಸಬೇಕು, ವಿಷಯಗಳ ಗಡಿ ದಾಟುವ ಅಧ್ಯಯನಕ್ಕೆ ಸೂಕ್ತ ಕ್ರಮ ಕೈಗೊಳ್ಳಬೇಕು, ವಿದೇಶಗಳ ಭಾಷೆ, ಸಾಹಿತ್ಯ, ಬದುಕನ್ನೂ ಭಾರತದ ಭಾಷೆಗಳನ್ನೂ ಕಲಿಸುವ ವ್ಯವಸ್ಥೆ ಮಾಡಬೇಕು. ಅಂದರೆ ಗಡಿ ದಾಟುವುದನ್ನು ಯಾರೋ ಉತ್ಸಾಹಿ ಪ್ರಾಧ್ಯಾಪಕರ ಇಷ್ಟಕ್ಕೆ ಬಿಡದೆ ಸಂಸತ್ತೇ ವಿಶ್ವವಿದ್ಯಾಲಯದ ಮೇಲೆ ಹೊರಿಸಿತು.

ಈ ಹೊಣೆಯನ್ನು ಕಟ್ಟಡವಾಗಿಸಿದವರು ಇಬ್ಬರು. ರಾಜತಾಂತ್ರಿಕ ಜಿ. ಪಾರ್ಥಸಾರಥಿ ಮೊದಲ ಕುಲಪತಿ, 1969ರಿಂದ 1974ರವರೆಗೆ. ಅವರ ಜೊತೆ ನಿಂತವರು ಭೂಗೋಳಶಾಸ್ತ್ರಜ್ಞ ಮೂನಿಸ್ ರಜಾ. ಅಧೀನ ಕಾಲೇಜುಗಳಿಲ್ಲದ, ಪದವಿ ತರಗತಿಗಳು ಬಹುಮಟ್ಟಿಗೆ ಇಲ್ಲದ, ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೇ ಆವರಣದಲ್ಲಿ ಬದುಕುವ ವಿಶ್ವವಿದ್ಯಾಲಯ ಅವರ ಕಲ್ಪನೆ. ಬಿ.ಎ. ಇದ್ದದ್ದು ವಿದೇಶಿ ಭಾಷೆಗಳಲ್ಲಿ ಮಾತ್ರ. ಕರ್ನಾಟಕದ ಓದುಗರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳೆಯ ವಿಶ್ವವಿದ್ಯಾಲಯಗಳ ಶಕ್ತಿಯ ದೊಡ್ಡ ಪಾಲು ಅಧೀನ ಕಾಲೇಜುಗಳ ಮಾನ್ಯತೆ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಫಲಿತಾಂಶಗಳಿಗೇ ಖರ್ಚಾಗುತ್ತದೆ. ಆ ಭಾರ ತಡೆಯಲಾರದೆ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಒಡೆಯಬೇಕಾಯಿತು. ಜೆಎನ್‌ಯು ಹುಟ್ಟುವಾಗಲೇ ಆ ಭಾರವಿರಲಿಲ್ಲ. ಅದರ ಸಂಶೋಧನೆಯ ಹೆಸರಿನಲ್ಲಿ ಪ್ರತಿಭೆಯ ಪಾಲಿನಷ್ಟೇ ಈ ಬಿಡುವಿನ ಪಾಲೂ ಇದೆ ಎಂಬುದು ನನ್ನ ತಿಳಿವಳಿಕೆ. ನಮ್ಮ ವಿಶ್ವವಿದ್ಯಾಲಯಗಳನ್ನು ಅದರೊಂದಿಗೆ ಹೋಲಿಸಿ ಹಳಿಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಸ್ಕೂಲುಗಳು. ಮೊದಲ ಬಗೆಯವು ಜೆಎನ್‌ಯುಗಿಂತ ಹಿರಿಯವು, ಹೊರಗಿಂದ ಬಂದು ಸೇರಿದವು. ಅಂತರರಾಷ್ಟ್ರೀಯ ಅಧ್ಯಯನಗಳ ಸ್ಕೂಲಿನ ಮೂಲ 1955ರಲ್ಲಿ ದೆಹಲಿಯ ಸಪ್ರೂ ಹೌಸಿನಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಹೊರಗಿನ ಜಗತ್ತನ್ನು ತನ್ನ ಕಣ್ಣಿನಿಂದ ನೋಡಬಲ್ಲ ವಿದ್ವಾಂಸರು ಬೇಕಿದ್ದರು. ಎ. ಅಪ್ಪಾದೊರೈ ಅದರ ಮೊದಲ ನಿರ್ದೇಶಕರು. 1970ರಲ್ಲಿ ಅದು ಜೆಎನ್‌ಯುವಿನಲ್ಲಿ ಸೇರಿತು. ಹಾಗೆಯೇ 1965ರಲ್ಲಿ ಆರಂಭವಾಗಿದ್ದ ರಷ್ಯನ್ ಅಧ್ಯಯನ ಸಂಸ್ಥೆ ಭಾಷೆಗಳ ಸ್ಕೂಲಿಗೆ ಬುನಾದಿಯಾಯಿತು. ಜೆಎನ್‌ಯುವಿನ ‘ಸ್ಕೂಲ್’ ಎಂಬ ಪದ ಪೂರ್ತಿಯಾಗಿ ಹೊಸ ಆಲೋಚನೆಯ ಫಲವಲ್ಲ, ಸೇರಿದ ಸಂಸ್ಥೆಯೊಂದರ ಹೆಸರಿನಲ್ಲಿ ಅದು ಮೊದಲೇ ಇತ್ತು ಎಂಬುದನ್ನು ಇಲ್ಲಿ ಗುರುತಿಸಬೇಕು.

ಹಿರಿಯರು ಮನೆಗೆ ಬಂದರೆ ತಮ್ಮ ರೂಢಿಗಳನ್ನೂ ತರುತ್ತಾರೆ. ಅಂತರರಾಷ್ಟ್ರೀಯ ಅಧ್ಯಯನಗಳ ಸ್ಕೂಲಿನ ಕೇಂದ್ರಗಳಲ್ಲಿ ಹೆಚ್ಚಿನವು ಭೂಪಟವನ್ನು ಅನುಸರಿಸಿದವು: ಪಶ್ಚಿಮ ಏಷ್ಯ, ಪೂರ್ವ ಏಷ್ಯ, ದಕ್ಷಿಣ ಏಷ್ಯ, ರಷ್ಯ, ಆಫ್ರಿಕ, ಅಮೆರಿಕ. ಒಂದು ಪ್ರದೇಶವನ್ನು ಅದರ ಚರಿತ್ರೆ, ಅರ್ಥವ್ಯವಸ್ಥೆ, ರಾಜಕೀಯಗಳೊಂದಿಗೆ ಇಡಿಯಾಗಿ ಓದುವ ಕ್ರಮ ಅದು. ಗಡಿ ದಾಟುವ ಗುಣ ಅದರಲ್ಲಿ ಮೊದಲಿನಿಂದಲೂ ಇತ್ತು. ಆದರೆ ಆ ಪ್ರದೇಶಗಳ ಭಾಷೆಗಳನ್ನು, ಎಂದರೆ ಅರಬ್ಬಿ, ಪಾರಸಿ, ಚೀನಿ, ಜಪಾನಿ, ರಷ್ಯನ್‌ಗಳನ್ನು, ಕಲಿಸುವವರು ಇನ್ನೊಂದು ಸ್ಕೂಲಿನಲ್ಲಿ ಉಳಿದರು. ಪಶ್ಚಿಮ ಏಷ್ಯದ ರಾಜಕೀಯ ಒಂದು ಕಟ್ಟಡದಲ್ಲಿ, ಅರಬ್ಬಿ ಸಾಹಿತ್ಯ ಇನ್ನೊಂದರಲ್ಲಿ. ವಿದ್ಯಾರ್ಥಿ ನಡೆದುಹೋಗಿ ಕಲಿಯಬಹುದು, ಕಲಿತವರೂ ಇದ್ದಾರೆ. ಆದರೂ ಇಡೀ ವಿಶ್ವವಿದ್ಯಾಲಯದ ರಚನೆಯಲ್ಲಿ ನನಗೆ ಅತ್ಯಂತ ಖೇದ ತರುವ ಅಂತರ ಇದೇ. ಎರಡು ಹಳೆಯ ಸಂಸ್ಥೆಗಳು ಅಕ್ಕಪಕ್ಕ ಬಂದರೂ ನಡುಗೋಡೆ ಉಳಿದುಕೊಂಡಿತು.

ಎರಡನೆಯ ಬಗೆಯವು ಖಾಲಿ ಜಾಗದಲ್ಲಿ ಕಟ್ಟಿದವು. ಜೆಎನ್‌ಯುವಿನ ಹೊಸತನ ಇರುವುದು ಇಲ್ಲಿ. ಸಮಾಜವಿಜ್ಞಾನಗಳ ಸ್ಕೂಲನ್ನು ಮೊದಲು ನೋಡೋಣ. ಇಲ್ಲಿ ಕೇಂದ್ರಗಳ ಹೆಸರುಗಳೇ ವಿಷಯದ ಹೆಸರಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿವೆ. ಸಮಾಜಶಾಸ್ತ್ರ ಅಲ್ಲ, ಸಾಮಾಜಿಕ ವ್ಯವಸ್ಥೆಗಳ ಅಧ್ಯಯನ ಕೇಂದ್ರ. ಭೂಗೋಳ ಅಲ್ಲ, ಪ್ರಾದೇಶಿಕ ಅಭಿವೃದ್ಧಿಯ ಅಧ್ಯಯನ ಕೇಂದ್ರ. ಅರ್ಥಶಾಸ್ತ್ರ ಅಲ್ಲ, ಆರ್ಥಿಕ ಅಧ್ಯಯನ ಮತ್ತು ಯೋಜನೆಯ ಕೇಂದ್ರ. ವಿಷಯಕ್ಕಿಂತ ಸಮಸ್ಯೆಯನ್ನು ಮುಂದಿಟ್ಟ ಹೆಸರುಗಳಿವು. ಚರಿತ್ರೆಯ ಕೇಂದ್ರದಲ್ಲಿ ಎಸ್. ಗೋಪಾಲ್, ರೋಮಿಲಾ ಥಾಪರ್, ಸತೀಶ್ ಚಂದ್ರ, ಬಿಪನ್ ಚಂದ್ರ ಒಟ್ಟಿಗೆ ಇದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ಬಗ್ಗೆ ಬಹಳ ಬರೆದಾಗಿದೆ. ಕನ್ನಡ ಓದುಗರು ಅಷ್ಟಾಗಿ ಗಮನಿಸದ ಎರಡು ಕೇಂದ್ರಗಳ ಬಳಿ ಸ್ವಲ್ಪ ಹೆಚ್ಚು ನಿಲ್ಲಬೇಕೆನ್ನಿಸುತ್ತದೆ.

ಒಂದು, ಅರ್ಥಶಾಸ್ತ್ರದ ಕೇಂದ್ರ. ಅದನ್ನು ಕಟ್ಟುವಲ್ಲಿ ಮುಂದಾಳಾಗಿದ್ದವರು ಕೃಷ್ಣಾ ಭಾರದ್ವಾಜ್. ಅವರು ಹುಟ್ಟಿದ್ದು ನಮ್ಮ ಕಾರವಾರದಲ್ಲಿ, 1935ರಲ್ಲಿ. ಬಾಲ್ಯದಲ್ಲಿ ಕೆಲವು ವರ್ಷ ಬೆಳಗಾವಿಯಲ್ಲಿದ್ದರು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಯೆರೊ ಸ್ರಾಫಾ ಅವರ 1960ರ ಪುಸ್ತಕ ತೆಳುವಾದದ್ದು, ಒಳಹೊಗುವುದು ಕಷ್ಟ. ಅದರ ಬಗ್ಗೆ ಕೃಷ್ಣಾ 1963ರಲ್ಲಿ ಮುಂಬೈಯ ‘ಎಕನಾಮಿಕ್ ವೀಕ್ಲಿ’ಯಲ್ಲಿ ಬರೆದ ವಿಮರ್ಶೆ ಕೇಂಬ್ರಿಜ್‌ವರೆಗೆ ಗಮನ ಸೆಳೆಯಿತು. ಬೆಲೆಗಳು ನಿಶ್ಚಯವಾಗುವುದು ಬೇಡಿಕೆ-ಪೂರೈಕೆಗಳಿಂದ ಮಾತ್ರ ಎಂಬ ನಂಬಿಕೆ ಅರ್ಥಶಾಸ್ತ್ರದಲ್ಲಿ ಹೇಗೆ ಗಟ್ಟಿಯಾಯಿತು, ಅದಕ್ಕೂ ಮುಂಚೆ ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ಉತ್ಪತ್ತಿ ಮತ್ತು ಹಂಚಿಕೆಯನ್ನು ಹೇಗೆ ಯೋಚಿಸುತ್ತಿದ್ದರು ಎಂಬುದು ಅವರ ಬದುಕಿನ ಪ್ರಶ್ನೆ. ಅದರ ಜೊತೆಯಲ್ಲೇ ಭಾರತದ ಬೇಸಾಯದ ಸಂಬಂಧಗಳನ್ನು, ಸಾಲ, ಗೇಣಿ, ಕೂಲಿ ಒಂದಕ್ಕೊಂದು ಹೆಣೆದುಕೊಂಡ ಬಗೆಯನ್ನು ಅವರು ಶೋಧಿಸಿದರು. ಸಿದ್ಧಾಂತದ ಚರಿತ್ರೆಯನ್ನೂ ಹೊಲದ ಲೆಕ್ಕವನ್ನೂ ಒಂದೇ ಕೇಂದ್ರದಲ್ಲಿ ಇಡುವ ಆಗ್ರಹ ಹೀಗೆ ಬಂತು. ಅಮಿತ್ ಭಾದುರಿ, ಪ್ರಭಾತ್ ಪಟ್ನಾಯಕ್, ಉತ್ಸಾ ಪಟ್ನಾಯಕ್ ಅವರ ಜೊತೆಗಿದ್ದರು. ಇಲ್ಲಿ ಎಂ.ಎ. ಓದಿದವರಲ್ಲಿ ಸೀತಾರಾಮ್ ಯೆಚೂರಿ, ನಿರ್ಮಲಾ ಸೀತಾರಾಮನ್, 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಇದ್ದಾರೆ. ಮೂವರ ಆರ್ಥಿಕ ನಿಲುವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಈ ಕೇಂದ್ರ ಒಂದೇ ಅಚ್ಚಿನ ಜನರನ್ನು ತಯಾರಿಸುತ್ತದೆ ಎಂಬ ಆರೋಪ ನಿಲ್ಲುವುದಿಲ್ಲ. ಕೃಷ್ಣಾ ಭಾರದ್ವಾಜ್ 1992ರಲ್ಲಿ ತೀರಿಕೊಂಡರು. ಅವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರಬೇಕು.

ಇನ್ನೊಂದು, ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರ. ವೈದ್ಯಕೀಯ ಕಾಲೇಜೇ ಇಲ್ಲದ ವಿಶ್ವವಿದ್ಯಾಲಯದಲ್ಲಿ, ಸಮಾಜವಿಜ್ಞಾನಗಳ ಸ್ಕೂಲಿನ ಒಳಗೆ, ವೈದ್ಯರ ಕೇಂದ್ರವೊಂದನ್ನು ಇಟ್ಟಿದ್ದಾರೆ. ನೆರೆಹೊರೆಯ ಆಯ್ಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಇದರ ಬೇರು ಕರ್ನಾಟಕದಲ್ಲಿದೆ. ಕೇಂದ್ರವನ್ನು ಕಟ್ಟಿದ ಡಾ. ದೇಬಬರ್ ಬ್ಯಾನರ್ಜಿ ಅದಕ್ಕೆ ಮೊದಲು ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. 1959ರಲ್ಲಿ ಆರಂಭವಾದ ಆ ಸಂಸ್ಥೆಯ ಮುಂದೆ ಇದ್ದ ಪ್ರಶ್ನೆ ದೊಡ್ಡದು: ಹಳ್ಳಿಗಳಲ್ಲಿ ಹರಡಿಕೊಂಡಿರುವ ಕ್ಷಯರೋಗಿಗಳನ್ನು ಪತ್ತೆ ಮಾಡುವುದು ಹೇಗೆ? ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್‌ರೇ ಗಾಡಿಗಳನ್ನು ಊರೂರಿಗೆ ಕಳಿಸಿ ಎಲ್ಲರನ್ನೂ ತಪಾಸಣೆ ಮಾಡಬೇಕು ಎಂಬುದು ಆಗ ಬಲವಾಗಿದ್ದ ಎಣಿಕೆ. ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು ಬೇರೆಯೇ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿಬಂದಿದ್ದರು. ಹೋದವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸುವುದು ಆರೋಗ್ಯ ಕೇಂದ್ರಗಳ ರೂಢಿಯಾಗಿತ್ತು.

ಈ ಒಂದು ತಿಳಿವಿನಿಂದ ಕ್ಷಯ ನಿಯಂತ್ರಣದ ತರ್ಕ ತಲೆಕೆಳಗಾಯಿತು. ಕೊರತೆ ಜನರಲ್ಲಿ ಇರಲಿಲ್ಲ, ವ್ಯವಸ್ಥೆಯಲ್ಲಿತ್ತು. ಗಾಡಿ ಓಡಿಸುವುದಕ್ಕಿಂತ, ಕೆಮ್ಮು ಎಂದು ಬಂದವರ ಕಫ ಪರೀಕ್ಷಿಸುವ ಒಂದು ಸೂಕ್ಷ್ಮದರ್ಶಕ, ಒಬ್ಬ ತಿಳಿದ ಕೆಲಸಗಾರ, ತಪ್ಪದೆ ಸಿಗುವ ಔಷಧಿ ಮುಖ್ಯ. ರೋಗದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಸಮಾಜಶಾಸ್ತ್ರದ ವಿಧಾನ. ಇಂಥ ಅನುಭವ ಹೊತ್ತು 1970ರ ದಶಕದ ಆರಂಭದಲ್ಲಿ ದೆಹಲಿಗೆ ಹೋದ ವೈದ್ಯ, ತನ್ನ ಕೇಂದ್ರಕ್ಕೆ ಆಸ್ಪತ್ರೆಯ ಪಕ್ಕಕ್ಕಿಂತ ಅರ್ಥಶಾಸ್ತ್ರಜ್ಞರ, ಚರಿತ್ರೆಕಾರರ ಪಕ್ಕವೇ ತಕ್ಕ ಜಾಗ ಎಂದು ಕಂಡಿದ್ದರೆ ಅದು ಸಹಜ. ಇಮ್ರಾನಾ ಖದೀರ್ ಮುಂತಾದವರು ಅದೇ ದಾರಿಯಲ್ಲಿ ಆರೋಗ್ಯ ನೀತಿ, ಪೌಷ್ಟಿಕತೆ, ಮಹಿಳೆಯರ ಆರೋಗ್ಯಗಳನ್ನು ಅಭ್ಯಾಸ ಮಾಡಿದರು. ವೈದ್ಯಕೀಯ ಪದವಿ ಇಲ್ಲದ ವಿದ್ಯಾರ್ಥಿಗೂ ಆರೋಗ್ಯದ ಮೇಲೆ ಸಂಶೋಧನೆ ಮಾಡುವ ಬಾಗಿಲು ಇಲ್ಲಿ ತೆರೆಯಿತು.

ವಿಜ್ಞಾನದ ಕಡೆಯೂ ಇದೇ ಆಲೋಚನೆ ಕಾಣುತ್ತದೆ. 1970ರ ಹೊತ್ತಿಗೆ ಭಾರತದ ವಿಶ್ವವಿದ್ಯಾಲಯಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡು ಬೇರೆ ಮನೆಗಳು. ಜೆಎನ್‌ಯು ಎರಡನ್ನೂ ಬಿಟ್ಟು ಜೀವವಿಜ್ಞಾನಗಳ ಸ್ಕೂಲ್ ತೆರೆಯಿತು. ಜೀವಕೋಶದ ಒಳಗೆ ನಡೆಯುವ ಕೆಲಸಕ್ಕೆ ಗಿಡ, ಪ್ರಾಣಿ ಎಂಬ ಗೋಡೆ ಇಲ್ಲ ಎಂಬುದು ಇಂದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ಆಗ ಅದನ್ನು ಆಡಳಿತದ ರಚನೆಯಲ್ಲಿ ಒಪ್ಪಿಕೊಳ್ಳುವುದು ಧೈರ್ಯದ ಕೆಲಸ. ಪರಾಗಕೋಶದಿಂದ ನೇರವಾಗಿ ಗಿಡ ಬೆಳೆಸುವ ವಿಧಾನವನ್ನು 1960ರ ದಶಕದಲ್ಲಿ ಸತೀಶ್ ಚಂದ್ರ ಮಹೇಶ್ವರಿಯವರೊಂದಿಗೆ ಕಂಡುಹಿಡಿದ ಶಿಪ್ರಾ ಗುಹಾ ಮುಖರ್ಜಿ ಮುಂದೆ ಇಲ್ಲಿ ಪ್ರಾಧ್ಯಾಪಕಿಯಾದರು. ಆಶಿಶ್ ದತ್ತ ಮತ್ತು ಸಂಗಡಿಗರು ರಾಜಗಿರಿ ಕಾಳಿನ ಪ್ರೋಟೀನಿನ ಜೀನನ್ನು ಬೇರ್ಪಡಿಸಿ ಆಲೂಗಡ್ಡೆಗೆ ಸೇರಿಸಿದರು. ರಾಜಗಿರಿ ನಮ್ಮ ದಂಟಿನ ಸೊಪ್ಪಿನ ಬಂಧುವೇ. ಆ ಆಲೂಗಡ್ಡೆ ರೈತರ ಹೊಲಕ್ಕೆ ಬರಲಿಲ್ಲ, ಆದರೆ ಸಸ್ಯ ಜೀನೋಮ್ ಸಂಶೋಧನೆಗೆ ಒಂದು ರಾಷ್ಟ್ರೀಯ ಸಂಸ್ಥೆಯೇ ಆವರಣದ ಪಕ್ಕದಲ್ಲಿ ತಲೆಯೆತ್ತಿತು. ಪರಿಸರ ವಿಜ್ಞಾನಗಳ ಸ್ಕೂಲು 1970ರ ದಶಕದಲ್ಲೇ ಬಂತು. ಪರಿಸರ ಎಂಬುದು ಪ್ರತ್ಯೇಕ ವಿದ್ಯೆಯೇ ಎಂದು ಇನ್ನೂ ವಾದ ನಡೆಯುತ್ತಿದ್ದ ಕಾಲ ಅದು. ಗಣಕ ಮತ್ತು ವ್ಯವಸ್ಥೆಗಳ ವಿಜ್ಞಾನದ ಸ್ಕೂಲೂ ಆ ದಶಕದ್ದೇ. ಭೌತವಿಜ್ಞಾನಗಳ ಸ್ಕೂಲು ತಡವಾಗಿ, 1980ರ ದಶಕದ ಉತ್ತರಾರ್ಧದಲ್ಲಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸೈದ್ಧಾಂತಿಕ ಭೌತವಿಜ್ಞಾನಿ ಆರ್. ರಾಜಾರಾಮನ್ 1990ರ ದಶಕದಲ್ಲಿ ಅಲ್ಲಿಗೆ ಸೇರಿದರು.

ಮೂರನೆಯ ಬಗೆಯ ಸ್ಕೂಲುಗಳು ಕೆಲವು ಸಣ್ಣ ಕೇಂದ್ರದಿಂದ ಬೆಳೆದವು, ಕೆಲವು ಕಾಲದ ಒತ್ತಡಕ್ಕೆ ಹುಟ್ಟಿದವು. ಜೈವಿಕ ತಂತ್ರಜ್ಞಾನ, ಸಂಸ್ಕೃತ ಎರಡೂ ಮೊದಲು ಕೇಂದ್ರಗಳಾಗಿದ್ದು ಆಮೇಲೆ ಸ್ಕೂಲುಗಳಾದವು. 2001ರ ಕಲೆ ಮತ್ತು ಸೌಂದರ್ಯಶಾಸ್ತ್ರದ ಸ್ಕೂಲು ಚಿತ್ರ, ರಂಗಭೂಮಿ, ಸಿನಿಮಾಗಳ ಅಧ್ಯಯನವನ್ನು ಒಂದೇ ಸೂರಿನಡಿ ತಂದದ್ದರಿಂದ ಅದು ಎರಡನೆಯ ಬಗೆಗೆ ಹತ್ತಿರ. 2018ರಲ್ಲಿ ಬಂದ ಎಂಜಿನಿಯರಿಂಗ್ ಸ್ಕೂಲು ಮತ್ತು ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರಿನ ಮ್ಯಾನೇಜ್‌ಮೆಂಟ್ ಸ್ಕೂಲುಗಳನ್ನು ಹಾಗೆ ಹೇಳಲಾರೆ. ಕಾಯ್ದೆಯ ಅನುಸೂಚಿಯಲ್ಲಿ ತಂತ್ರಜ್ಞಾನದ ಮಾತಿದೆ; ಆದ್ದರಿಂದ ಎಂಜಿನಿಯರಿಂಗ್ ಬರಬಾರದಿತ್ತು ಎನ್ನುವಂತಿಲ್ಲ. ಆದರೆ ಅನುಸೂಚಿ ಕೇಳಿದ್ದು ಬೆಸೆದ ಪಠ್ಯವನ್ನು. ಈ ಎರಡು ಸ್ಕೂಲುಗಳು ಹಳೆಯ ಸ್ಕೂಲುಗಳ ಜೊತೆ ನಿಜವಾಗಿ ಬೆಸೆದುಕೊಳ್ಳುತ್ತವೆಯೋ, ದೇಶದ ಬೇರೆ ಕಡೆ ಧಾರಾಳವಾಗಿ ಸಿಗುವ ಪದವಿಗಳನ್ನೇ ಇಲ್ಲೂ ಕೊಡುತ್ತವೆಯೋ ಎಂಬುದನ್ನು ಅವುಗಳ ಪಠ್ಯಕ್ರಮ ಹೇಳಬೇಕು.

ನೆರೆಹೊರೆ ಕಾಗದದ ಮೇಲೆ ಇದ್ದರೆ ಸಾಲದು, ವಿದ್ಯಾರ್ಥಿಯ ದಿನಚರಿಗೆ ಇಳಿಯಬೇಕು. ಅದಕ್ಕೆ ಜೆಎನ್‌ಯು ಹಿಡಿದ ಉಪಾಯ ಸರಳ. ಸೆಮಿಸ್ಟರು, ಕ್ರೆಡಿಟ್ಟು, ಬೇರೆ ಕೇಂದ್ರದ ಪತ್ರಿಕೆಯನ್ನು ಆಯ್ದುಕೊಳ್ಳುವ ಅವಕಾಶ. ಎಲ್ಲಕ್ಕಿಂತ ಮುಖ್ಯ, ಪಾಠ ಹೇಳಿದವರೇ ಪರೀಕ್ಷೆ ಮಾಡುವ ಪದ್ಧತಿ. ಟ್ಯುಟೋರಿಯಲ್, ಸೆಮಿನಾರ್ ಪ್ರಬಂಧ, ಟರ್ಮ್ ಪೇಪರ್, ಕೊನೆಗೆ ಪರೀಕ್ಷೆ. ವಿದ್ಯಾರ್ಥಿಯನ್ನು ಕಾಣದ ಯಾರೋ ಮೌಲ್ಯಮಾಪಕ ದಿನಕ್ಕೆ ಇಷ್ಟು ಎಂದು ಉತ್ತರಪತ್ರಿಕೆ ತಿದ್ದುವ ನಮ್ಮ ಪದ್ಧತಿಯಲ್ಲಿ ಅಧ್ಯಾಪಕ ಹೊಸದೊಂದು ಪಠ್ಯವನ್ನು ರೂಪಿಸುವುದೇ ಕಷ್ಟ, ಏಕೆಂದರೆ ಪ್ರಶ್ನೆಪತ್ರಿಕೆ ಬೇರೆಯವರ ಕೈಯಲ್ಲಿದೆ. ಜೆಎನ್‌ಯುವಿನಲ್ಲಿ ಅಧ್ಯಾಪಕರು ತಮ್ಮ ಸಂಶೋಧನೆಯನ್ನೇ ಪಠ್ಯವಾಗಿಸಿ ಕಲಿಸಲು ಸಾಧ್ಯವಾದದ್ದು ಈ ಸ್ವಾತಂತ್ರ್ಯದಿಂದ.

ಯಾರು ಒಳಗೆ ಬರುತ್ತಾರೆ ಎಂಬುದು ಇನ್ನೊಂದು ಮುಖ. 1970ರ ದಶಕದಲ್ಲಿ ಜೆಎನ್‌ಯು ಹಿಂದುಳಿದ ಪ್ರದೇಶಗಳ ಮತ್ತು ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿ ತಂದಿತು. ಜಿಲ್ಲೆಯೇ ಒಂದು ಅನನುಕೂಲ ಎಂದು ಅಧಿಕೃತವಾಗಿ ಒಪ್ಪಿಕೊಂಡ ಕ್ರಮ ಅದು. 1983ರಲ್ಲಿ ವಿದ್ಯಾರ್ಥಿ ಚಳವಳಿ, ಪೊಲೀಸ್ ಕ್ರಮ, ನೂರಾರು ಬಂಧನಗಳ ನಂತರ ಆ ಪದ್ಧತಿ ಕಳಚಿಬಿತ್ತು. ಆಗ ತಿಹಾರ್ ಜೈಲಿನಲ್ಲಿ ಹತ್ತು ದಿನ ಕಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಒಬ್ಬರು ಎಂಬುದನ್ನು ಅವರೇ ಬರೆದಿದ್ದಾರೆ. 1990ರ ದಶಕದಲ್ಲಿ ಪದ್ಧತಿ ಬದಲಾದ ರೂಪದಲ್ಲಿ ಮರಳಿತು: ಜನಗಣತಿಯ ಅಂಕಿಗಳ ಆಧಾರದ ಮೇಲೆ ಜಿಲ್ಲೆಗಳ ವರ್ಗೀಕರಣ, ಮಹಿಳೆಯರಿಗೆ ಹೆಚ್ಚಿನ ಅಂಕ. ಪ್ರವೇಶ ಪರೀಕ್ಷೆಯಲ್ಲಿ ದೀರ್ಘ ಉತ್ತರ ಬರೆಯಬೇಕಿತ್ತು. ಕಲಿತದ್ದಕ್ಕಿಂತ ಯೋಚಿಸುವ ಬಗೆಯನ್ನು ಅದು ಅಳೆಯುತ್ತಿತ್ತು. 2019ರ ಪ್ರವೇಶದಿಂದ ಅದು ಗಣಕದ ಮುಂದೆ ಕೂತು ಸರಿಯುತ್ತರ ಆರಿಸುವ ಪರೀಕ್ಷೆಯಾಯಿತು. 2022ರಿಂದ ಎಂ.ಎ.ಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಸಂಶೋಧನೆಯೇ ಉಸಿರಾಗಿರುವ ಸಂಸ್ಥೆಗೆ ಇದು ಸಣ್ಣ ಬದಲಾವಣೆಯಲ್ಲ. ನಾಲ್ಕು ಪುಟ ಬರೆಯಬಲ್ಲ, ಆದರೆ ಕೋಚಿಂಗಿಗೆ ಹೋಗಲಾರದ ಒಬ್ಬ ಹಳ್ಳಿಯ ವಿದ್ಯಾರ್ಥಿನಿಗೆ ಹಳೆಯ ಪರೀಕ್ಷೆ ಒಂದು ಅವಕಾಶ ಕೊಡುತ್ತಿತ್ತು. ಹೊಸದು ಅದನ್ನು ಕಿತ್ತುಕೊಂಡಿದೆ ಎಂದು ನಾನು ನಂಬುತ್ತೇನೆ.

ಇನ್ನು ಒಳಗೆ ಬಂದವರು ಬದುಕುವ ಜಾಗ. ಜೆಎನ್‌ಯು ನಗರದ ವಿಶ್ವವಿದ್ಯಾಲಯ ಹೌದೇ? ಸುಮಾರು 1,000 ಎಕರೆಯ ಆವರಣ, ಅರಾವಳಿ ಬೆಟ್ಟಸಾಲಿನ ಕೊನೆಯ ಬಂಡೆಗಳು, ಕುರುಚಲು ಕಾಡು, ನವಿಲು, ನೀಲಗಾಯಿ, ನಡುವೆ ಸಿ.ಪಿ. ಕುಕ್ರೇಜಾ ವಿನ್ಯಾಸದ, ಗಾರೆಯಿಲ್ಲದ ಕೆಂಪು ಇಟ್ಟಿಗೆಯ ಕಟ್ಟಡಗಳು. ನೋಡಿದರೆ ಊರಾಚೆಯ ಆಶ್ರಮದಂತಿದೆ. ಆದರೆ ಗೇಟು ದಾಟಿದರೆ ಮುನೀರ್ಕಾ, ಬೇರ್ ಸರಾಯ್. ಒಂದು ಕಾಲದ ಈ ಹಳ್ಳಿಗಳು ಈಗ ದಟ್ಟ ಬಡಾವಣೆಗಳು. ಬಾಡಿಗೆ ಕೋಣೆ, ಜೆರಾಕ್ಸ್ ಅಂಗಡಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಈಶಾನ್ಯ ರಾಜ್ಯಗಳಿಂದ, ದಕ್ಷಿಣದಿಂದ ಬಂದವರು ದೆಹಲಿಯನ್ನು ಮೊದಲು ಕಾಣುವುದು ಇಲ್ಲಿ. ಹಾಸ್ಟೆಲುಗಳಿಗೆ ನದಿಗಳ ಹೆಸರು: ಗಂಗಾ, ಝೇಲಮ್, ಸಾಬರಮತಿ, ಗೋದಾವರಿ, ಪೆರಿಯಾರ್, ಮತ್ತು ಕಾವೇರಿ. ಊರಿನಿಂದ 2,000 ಕಿಲೋಮೀಟರು ದೂರದಲ್ಲಿ ಕಾವೇರಿ ಎಂಬ ಫಲಕ ಕಂಡಾಗ ಕನ್ನಡದ ಹುಡುಗನಿಗೆ ಏನನ್ನಿಸುತ್ತದೆ ಎಂದು ವಿವರಿಸಬೇಕಿಲ್ಲ.

ಆವರಣದ ಗೋಡೆ ಜೆಎನ್‌ಯುವಿನ ಗಡಿಯಲ್ಲ ಎಂಬುದನ್ನೂ ಸೇರಿಸಬೇಕು. ಇಂಫಾಲದಲ್ಲಿ ಜೆಎನ್‌ಯು ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಣಿಪುರ ವಿಶ್ವವಿದ್ಯಾಲಯವಾಯಿತು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳ ಪದವಿಯೂ ಜೆಎನ್‌ಯುವಿನದೇ. ಬೆಂಗಳೂರಿನ ಸದಾಶಿವನಗರದಲ್ಲಿ ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ನಕ್ಷತ್ರಗಳ ಮೇಲೆ, ಬೆಳಕಿನ ಮೇಲೆ, ದ್ರವಸ್ಫಟಿಕಗಳ ಮೇಲೆ ಪಿಎಚ್.ಡಿ. ಮಾಡಿದ ಎಷ್ಟೋ ಮಂದಿಯ ಪದವಿಪತ್ರದಲ್ಲಿರುವುದು ಈ ದೆಹಲಿಯ ವಿಶ್ವವಿದ್ಯಾಲಯದ ಹೆಸರು.

ಕನ್ನಡ ಅಲ್ಲಿ ಎಲ್ಲಿದೆ ಎಂಬುದು ನಮ್ಮವರು ಕೇಳುವ ಪ್ರಶ್ನೆ. ಭಾಷೆಗಳ ಸ್ಕೂಲಿನ ಭಾರತೀಯ ಭಾಷಾ ಕೇಂದ್ರ 1970ರ ದಶಕದಲ್ಲಿ ನಾಮವರ್ ಸಿಂಗ್, ಮೊಹಮ್ಮದ್ ಹಸನ್ ಅವರ ಕೈಯಲ್ಲಿ ಹಿಂದಿ, ಉರ್ದುಗಳ ಕೇಂದ್ರವಾಗಿ ಗಟ್ಟಿಗೊಂಡಿತು. ಎರಡು ಸಾಹಿತ್ಯಗಳನ್ನು ಅಕ್ಕಪಕ್ಕ ಓದಿಸುವ ಆಲೋಚನೆ ಘನವಾದದ್ದು. ದಕ್ಷಿಣದ ಭಾಷೆಗಳು ಆ ಪಂಕ್ತಿಗೆ ಬಹಳ ತಡವಾಗಿ ಬಂದವು. ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಅಧ್ಯಯನ ಪೀಠ ಆರಂಭವಾದದ್ದು 2015ರಲ್ಲಿ; ಪುರುಷೋತ್ತಮ ಬಿಳಿಮಲೆ ಅದರ ಮೊದಲ ಪ್ರಾಧ್ಯಾಪಕರು. ಹಳಗನ್ನಡ ಕೃತಿಗಳ ಇಂಗ್ಲಿಷ್ ಅನುವಾದಕ್ಕೆ ಪೀಠ ಕೊಟ್ಟ ಒತ್ತು ಸರಿಯಾದದ್ದು. ಕನ್ನಡ ಬಾರದ ಚರಿತ್ರೆಕಾರ, ಭಾಷಾವಿಜ್ಞಾನಿ ಪಕ್ಕದ ಕೋಣೆಯಲ್ಲೇ ಇರುವಾಗ ‘ಕವಿರಾಜಮಾರ್ಗ’ ಅವರ ಮೇಜಿನ ಮೇಲೂ ಇರಬೇಕು.

ಆದರೆ ಕರ್ನಾಟಕ ಜೆಎನ್‌ಯುವಿನಲ್ಲಿ ಪೀಠಕ್ಕಿಂತ ಮುಂಚೆಯೇ, ಬೇರೆ ಬೇರೆ ಸ್ಕೂಲುಗಳಲ್ಲಿ ಚದುರಿಕೊಂಡು ಇತ್ತು. ಕೋಲಾರದ ಚಿನ್ನದ ಗಣಿಯ, ಬೆಂಗಳೂರಿನ ಗಿರಣಿಗಳ ಕಾರ್ಮಿಕರ ಮೇಲೆ, ಬೆಂಗಳೂರು ನಗರದ ಮೇಲೆ, ಮೈಸೂರು ಸಂಸ್ಥಾನದ ಆಧುನಿಕತೆಯ ಮೇಲೆ ಪುಸ್ತಕ ಬರೆದ ಜಾನಕಿ ನಾಯರ್ ಇದ್ದದ್ದು ಚರಿತ್ರೆಯ ಕೇಂದ್ರದಲ್ಲಿ. ಮಂಗಳೂರು ವಿಶ್ವವಿದ್ಯಾಲಯದಿಂದ ಹೋದ, ಅಂಬೇಡ್ಕರ್ ಬರಹಗಳ ಸಂಪಾದಕ ವಲೇರಿಯನ್ ರೋಡ್ರಿಗಸ್ ರಾಜಕೀಯ ಅಧ್ಯಯನದ ಕೇಂದ್ರದಲ್ಲಿ. ಕವಿ, ನಾಟಕಕಾರ ಎಚ್.ಎಸ್. ಶಿವಪ್ರಕಾಶ್ ಕಲೆ ಮತ್ತು ಸೌಂದರ್ಯಶಾಸ್ತ್ರದ ಸ್ಕೂಲಿನಲ್ಲಿ. ಕರ್ನಾಟಕದ ಬಗ್ಗೆ ಅಲ್ಲಿ ಬರೆದ ಪ್ರಬಂಧಗಳನ್ನು ಹುಡುಕುವವರು ‘ಕನ್ನಡ’ ಎಂಬ ತಲೆಬರಹದ ಅಡಿಯಲ್ಲಿ ಹುಡುಕಿದರೆ ಬಹುಪಾಲು ಕೈತಪ್ಪುತ್ತದೆ. ಆವರಣದ ನಡುವೆ ಒಂಬತ್ತು ಅಂತಸ್ತಿನ ಗೋಪುರವಾಗಿ ನಿಂತಿರುವ ಅಂಬೇಡ್ಕರ್ ಗ್ರಂಥಾಲಯದಲ್ಲಿ, ಸ್ಕೂಲು ಸ್ಕೂಲಾಗಿ, ಕೇಂದ್ರ ಕೇಂದ್ರವಾಗಿ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳನ್ನು ನೋಡಿ, ನಮ್ಮ ಜಿಲ್ಲೆಗಳ ಮೇಲಿನ ಕೆಲಸದ ಒಂದು ವಿವರಣಾತ್ಮಕ ಸೂಚಿಯನ್ನು ಕನ್ನಡದಲ್ಲಿ ತರಬೇಕು. ಕನ್ನಡ ಪೀಠವೂ ನಮ್ಮ ಯಾವುದಾದರೊಂದು ವಿಶ್ವವಿದ್ಯಾಲಯವೂ ಕೂಡಿ ಮಾಡಬಹುದಾದ ಕೆಲಸ ಇದು. ಅದನ್ನು ಭಾಷೆಗಳ ಸ್ಕೂಲಿನಿಂದ ಅಲ್ಲ, ಸಾಮಾಜಿಕ ವೈದ್ಯ ಕೇಂದ್ರದಿಂದ ಆರಂಭಿಸಿ ಎಂದು ನನ್ನ ಸಲಹೆ. ತುಮಕೂರಿನ ಹಳ್ಳಿಗಳಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲಿಂದ ಮುಂದೆ ಯಾರು, ಎಲ್ಲಿಗೆ ಒಯ್ದರು ಎಂಬುದು ಸೂಚಿಯ ಮೊದಲ ಪುಟವಾಗಲಿ.